ಗುಡುಗಮ್ಮ ಹೊಡೆಸಿದ ಚಪ್ಪಾಳೆ

ಆ ಬಡಾವಣೆಯಲ್ಲಿ ಅವಳ ಬಾಯಿಗೆ ಹೆದರದವರು ಯಾರಾದರೂ ಇದ್ದರೆ, ಅವರಿಗಿನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ ಎಂದೇ ಅರ್ಥ. ಎದುರಿಗೆ ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಬೆನ್ನು ತಿರುಗಿತೆಂದರೆ ಗುಡುಗಮ್ಮ. ಈ ಹೆಸರು ಅವಳ ಕಿವಿಗೂ ಬಿದ್ದಿತ್ತು. ಕೋಪ ಬರುವ ಬದಲು ಒಳಗೊಳಗೇ ಖುಷಿಯಾಗಿತ್ತು. ಗುಡುಗಿದರೆ ತಾನೆ ಜನ ಮಾತ್ರೆ ನುಂಗುವುದು? ಮೆತ್ತಗೆ ಹೇಳಿದ ಮಾತು ಮೆಟ್ಟಿಲು ಇಳಿಯುವುದರೊಳಗೆ ಮರೆತುಹೋಗುತ್ತದೆ ಎಂಬುದು ಅವಳ ಸಿದ್ಧಾಂತ. ಮನೆಯಲ್ಲೂ ಅದೇ ಕಾನೂನು. ಅವಳ ಗಂಡ ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕಿಕೊಳ್ಳುವಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ, ಪಾಪ.

ಕ್ಲಿನಿಕ್ಕಿನ ಬಾಗಿಲ ಮೇಲೆ 'ನರ್ಸ್ ಪ್ರಾಕ್ಟೀಷನರ್' ಎಂದು ಬೋರ್ಡಿತ್ತು. ಮೊದಮೊದಲು ಜನಕ್ಕೆ ಅದರ ತಲೆಬುಡ ತಿಳಿಯಲಿಲ್ಲ.

"ನರ್ಸು ಅಂತೀರಿ, ಮಾತ್ರೆನೂ ನೀವೇ ಬರೀತೀರಿ. ನೀವು ಡಾಕ್ಟ್ರೋ ನರ್ಸೋ, ಒಂದು ಹೇಳ್ಬಿಡಿ," ಎಂದು ಒಬ್ಬ ಮುದುಕ ಜಗಳಕ್ಕೇ ನಿಂತಿದ್ದ.

"ಎರಡೂ ಕೆಲ್ಸ ನಂದೇ, ಎರಡರ ಬೈಗುಳಾನೂ ನಂದೇ. ಈಗ ನಾಲಿಗೆ ಚಾಚಿ," ಎಂದಿದ್ದಳು.

ವಿಷಯ ಅಷ್ಟೇ. ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಓಡಾಡಿ, ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ತಾನೂ ಮತ್ತೆ ಪುಸ್ತಕ ಹಿಡಿದು ಓದಿ, ರೋಗಿಯನ್ನು ತಾನೇ ಪರೀಕ್ಷೆ ಮಾಡುವ, ಗೊತ್ತುಮಾಡಿದ ಔಷಧಿಗಳನ್ನು ತಾನೇ ಕೊಡುವ, ಯಾರನ್ನು ಇಲ್ಲೇ ನೋಡಬೇಕು ಯಾರನ್ನು ದೊಡ್ಡ ಆಸ್ಪತ್ರೆಗೆ ಓಡಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಪಡೆದುಕೊಂಡು ಬಂದವಳು ಅವಳು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ಫೋನಿನಲ್ಲಿ ಸಿಗುತ್ತಿದ್ದರು. ಮಿಕ್ಕ ದಿನವೆಲ್ಲ ಕ್ಲಿನಿಕ್ಕು ಅವಳದೇ.

ಸಕ್ಕರೆ ಕಾಯಿಲೆಯವರಿಗೆ ಅಲ್ಲೊಂದು ಪದ್ಧತಿ ಇತ್ತು, ಅದೂ ಅವಳೇ ಹುಟ್ಟುಹಾಕಿದ್ದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಬೆರಳು ಚುಚ್ಚಿ, ಮಿಷನ್ನು ತೋರಿಸಿದ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದುವಳು. ಜಾಸ್ತಿ ಬಂದರೆ ಅಲ್ಲೇ ಮಂಗಳಾರತಿ. ಹಿಡಿತದಲ್ಲಿದ್ದರೆ ಇಡೀ ಬೆಂಚು ಚಪ್ಪಾಳೆ ತಟ್ಟಬೇಕು. ಡಾಕ್ಟರು ಒಂದು ಸಲ, "ಎಲ್ಲರೆದುರಿಗೆ ಓದಬೇಡಿ, ಅದು ಸರಿಯಲ್ಲ," ಎಂದಿದ್ದರು. "ನಾಚಿಕೆ ಅನ್ನೋದು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ ಸರ್," ಎಂದು ಅವರ ಬಾಯನ್ನೂ ಮುಚ್ಚಿಸಿದ್ದಳು. ಹೇಳಿ ಕೇಳಿ ಗುಡುಗಮ್ಮ. ನಡುವಯಸ್ಸು ದಾಟಿದ ಗಂಡಸರು ಆ ಚಪ್ಪಾಳೆಗೆ ಒಂದನೇ ಕ್ಲಾಸಿನ ಮಕ್ಕಳಂತೆ ಆಸೆಪಡುತ್ತಿದ್ದರು ಎಂದರೆ ನಂಬಬೇಕು.

ಆವತ್ತು ಬೆಂಚಿನ ತುದಿಯಲ್ಲಿ ಅವಳ ಅಣ್ಣನೂ ಕೂತಿದ್ದ. ಶಾಲೆಯ ವ್ಯಾನು ಓಡಿಸುವವನು, ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೇ ಬಂದಿದ್ದ. ಮಕ್ಕಳ ಬಾಯಲ್ಲಿ ವ್ಯಾನ್ ಮಾಮ. ಸ್ವಂತ ಅಣ್ಣನನ್ನು ತಾನು ನೋಡುವೆನೆಂದಾಗ ಡಾಕ್ಟರು ಮನೆಯವರನ್ನು ಬೇರೆಯವರು ನೋಡುವುದೇ ಮೇಲು ಎಂದಿದ್ದರು. ಇವಳು, "ನನ್ನ ಮಾತು ಬಿಟ್ರೆ ಅವನು ಇನ್ಯಾರ ಮಾತೂ ಕೇಳಲ್ಲ ಸರ್," ಎಂದು ತಾನೇ ಇಟ್ಟುಕೊಂಡಿದ್ದಳು. ಅಣ್ಣನಿಗೆ ಒಮ್ಮೆಯೂ ಚಪ್ಪಾಳೆ ಬಿದ್ದಿರಲಿಲ್ಲ. ಹೋದ ತಿಂಗಳು ಮಾತ್ರ ಅಂಕಿ ಪರವಾಗಿಲ್ಲ ಎನ್ನುವ ಹಾಗೆ ಬಂದಿತ್ತು. ಆಗಲೇ ಶಾಲೆಯವರು ಕೇಳಿದ್ದಕ್ಕೆ, ಧಾರಾಳವಾಗಿ ಓಡಿಸಬಹುದು ಎಂದು ಹೇಳಿ ಕಳಿಸಿದ್ದಳು.

"ಕೊಡು ಕೈ," ಎಂದಳು. ಕೈ ತಣ್ಣಗಿತ್ತು, ತೇವವಾಗಿತ್ತು. ಬೆರಳು ಚುಚ್ಚುವ ಮುಂಚೆ ಎಲ್ಲರೂ ಕೈ ತೊಳೆದುಕೊಂಡು ಬರಬೇಕೆಂಬುದು ಅಲ್ಲಿನ ನಿಯಮ. ತೊಳೆದ ನೀರು ಆರಿಲ್ಲ ಎಂದುಕೊಂಡಳು.

"ತೊಂಬತ್ತೆರಡು!" ಅವಳ ದನಿ ಬೀದಿಗೆ ಕೇಳಿಸಿತು. "ನೋಡ್ರಪ್ಪಾ, ನಮ್ಮಣ್ಣನೂ ಮನುಷ್ಯನಾದ. ಹೊಡೀರಿ ಚಪ್ಪಾಳೆ!"

ಬೆಂಚು ಚಪ್ಪಾಳೆ ಹೊಡೆಯಿತು. ಅಣ್ಣ ಮದುಮಗನ ಹಾಗೆ ತಲೆ ಬಗ್ಗಿಸಿ ನಕ್ಕ. "ಹೋಗು, ಸೀದಾ ಮನೆಗೆ ಹೋಗಿ ಹೊಟ್ಟೆ ತುಂಬ ತಿನ್ನು," ಎಂದು ಬೆನ್ನು ತಟ್ಟಿ ಕಳಿಸಿದಳು. ಅವನು ಕೈ ಬೀಸುತ್ತಾ ಹೋದ.

ಬೆಂಚು ಒಬ್ಬೊಬ್ಬರಾಗಿ ಖಾಲಿಯಾಯಿತು. ಕೊನೆಗೆ ಉಳಿದವರು ಇಸ್ತ್ರಿ ಅಂಗಡಿಯವರು. ಅವರ ಅಂಕಿ ಆಕಾಶ ಮುಟ್ಟಿತ್ತು. ಇವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಮ್ಮಣ್ಣನ್ನ ನೋಡಿ ಕಲೀರಿ. ಅವನಿಗಿರೋ ಬುದ್ಧಿ ನಿಮಗ್ಯಾಕಿಲ್ಲ?"

"ಬುದ್ಧಿ ಇದೆ ಸಿಸ್ಟರಮ್ಮ, ಅವರಷ್ಟು ಧೈರ್ಯ ಇಲ್ಲ," ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು.

"ಧೈರ್ಯ ಅಂದ್ರೆ?"

"ಏನಿಲ್ಲ, ಬಾಯ್ತಪ್ಪಿ ಬಂತು."

"ಏನ್ರೀ ಅದು, ಬೊಗಳ್ರೀ!" ಎಂದು ಗುಡುಗಿದಳು. ಇಸ್ತ್ರಿಯವರು ಚಪ್ಪಲಿ ಹುಡುಕತೊಡಗಿದರು. ಅವರ ಮುಖ ನೋಡಿದ್ದೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತಳು. ದನಿ ತಗ್ಗಿಸಿದಳು, ತಗ್ಗಿಸಿ ರೂಢಿಯಿಲ್ಲದ್ದಕ್ಕೆ ಅದು ಒಡೆದ ಹಾಗೆ ಬಂತು. "ಅಪ್ಪಾ, ನಿಮಗೆ ಬೈಯಲ್ಲ. ದಮ್ಮಯ್ಯ ಅಂತೀನಿ, ಹೇಳಿ. ಅವನೇನು ಮಾಡ್ದ?"

ಇಸ್ತ್ರಿಯವರು ನೆಲ ನೋಡುತ್ತಾ ಹೇಳಿದರು. "ನಾವೆಲ್ಲ ಒಂಚೂರು ಮಾಡ್ತೀವಿ ಸಿಸ್ಟರಮ್ಮ. ಇಲ್ಲಿಗೆ ಬರೋ ಹಿಂದಿನ ದಿನ ಊಟ ಕಮ್ಮಿ ಮಾಡೋದು, ಬೆಳಿಗ್ಗೆ ಒಂದು ಮಾತ್ರೆ ಹೆಚ್ಚಿಗೆ ನುಂಗೋದು. ನಿಮ್ಮ ಬಾಯಿಗೆ ಬೀಳಬಾರ್ದಲ್ಲ. ನಿಮ್ಮಣ್ಣ ಈ ಸಲ ನಿನ್ನೆ ಮಧ್ಯಾಹ್ನದಿಂದ ಒಂದು ತುತ್ತೂ ತಿಂದಿಲ್ಲವಂತೆ. ಮಾತ್ರೆ ಎರಡು ತಗೊಂಡೆ ಅಂದ್ರು."

ಆ ಮಾತ್ರೆಯ ಸ್ವಭಾವ ಅವಳಿಗೆ ಗೊತ್ತಿಲ್ಲದ್ದೇ? ನುಂಗಿದ ಮೇಲೆ ಅದು ಗಂಟೆಗಟ್ಟಲೆ ಸಕ್ಕರೆಯನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ತೊಂಬತ್ತೆರಡು ಎನ್ನುವುದು ನಿಂತ ಅಂಕಿಯಲ್ಲ, ಜಾರುತ್ತಿದ್ದ ಅಂಕಿ. ಜಾರುವಾಗ ನಡುವೆ ಹಿಡಿದು ತಾನು ಚಪ್ಪಾಳೆ ಹೊಡೆಸಿದ್ದಳು. ಆ ಒದ್ದೆ ಕೈ ನೀರಿನದಲ್ಲ, ಬೆವರಿನದು. ಸರಿ, ಮನೆಗೆ ಹೋಗಿ ಉಂಡಿದ್ದರೆ ಬಚಾವು.

ಅತ್ತಿಗೆಗೆ ಫೋನು ಹಚ್ಚಿದಳು.

"ಅಣ್ಣ ಉಂಡನಾ ಅತ್ತಿಗೆ?"

"ಎಲ್ಲಿ ಬಂದ್ರು? ತಟ್ಟೆ ಹಾಕ್ಕೊಂಡು ಕೂತಿದ್ದೀನಿ. ಶಾಲೆ ನೀರಿನ ಮೋಟರ್ ಸುಟ್ಟುಹೋಗಿದೆಯಂತೆ, ಮಕ್ಕಳನ್ನ ಬೇಗ ಬಿಡ್ತಾರೆ, ಹಾಗೇ ಹೋಗ್ತಿದ್ದೀನಿ ಅಂತ ಫೋನ್ ಮಾಡಿದ್ರು. ಭಾರಿ ಖುಷೀಲಿದ್ರು, ಚಪ್ಪಾಳೆ ಬಿತ್ತಂತೆ. ಯಾಕೆ, ಏನಾಯ್ತು?"

"ಏನಿಲ್ಲ," ಎಂದಳು. ಅಣ್ಣನ ಫೋನು ರಿಂಗಾಗುತ್ತಲೇ ಇತ್ತು. ಓಡಿಸುವಾಗ ಅವನು ಫೋನು ಮುಟ್ಟುವವನಲ್ಲ. ಶಾಲೆಗೆ ಮಾಡಿದರೆ, "ವ್ಯಾನು ಆಗಲೇ ಹೊರಟೋಯ್ತಲ್ಲಾ ಮೇಡಂ, ಎಲ್ಲ ಪುಟಾಣಿಗಳೂ ಹತ್ತಿದ್ರು," ಎಂದರು. ಡಾಕ್ಟರಿಗೆ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನಾನು ಅಲ್ಲಿಗೆ ಬರೋದ್ರೊಳಗೆ ಹೊತ್ತಾಗಿರುತ್ತೆ. ನೀವು ಹೋಗಿ. ಅಲ್ಲಿ ಏನು ಮಾಡಬೇಕು ಅನ್ನೋದು ನಿಮ್ಮ ತೀರ್ಮಾನ. ಆಂಬುಲೆನ್ಸ್ ನಾನು ಕಳಿಸ್ತೀನಿ."

ಮಿಷನ್ನು, ಗ್ಲೂಕೋಸಿನ ಡಬ್ಬಿ, ಡ್ರಿಪ್ಪಿನ ಸಾಮಾನು ಎಲ್ಲವನ್ನೂ ಚೀಲಕ್ಕೆ ತುರುಕಿ ಬಾಗಿಲು ಎಳೆದುಕೊಂಡಳು. ಇಸ್ತ್ರಿಯವರ ಸ್ಕೂಟರು ಹೊರಗೆ ನಿಂತಿತ್ತು.

"ಸ್ಟಾರ್ಟ್ ಮಾಡಿ."

"ಸಿಸ್ಟರಮ್ಮ, ನಂಗೆ ಜೋರಾಗಿ ಓಡಿಸಕ್ಕೆ ಬರಲ್ಲ..."

"ಇವತ್ತು ಬರುತ್ತೆ," ಎಂದು ಹಿಂದೆ ಕೂತಳು.

ವ್ಯಾನು ಹೋಗುವ ದಾರಿ ಅವಳಿಗೆ ಬಾಯಿಪಾಠ. ಮರುಓದಿನ ದಿನಗಳಲ್ಲಿ ಅಣ್ಣನೇ ಅವಳನ್ನು ಮಕ್ಕಳ ನಡುವೆ ಕೂರಿಸಿಕೊಂಡು ಕಾಲೇಜಿಗೆ ಬಿಡುತ್ತಿದ್ದ. "ಇವಳೂ ಒಬ್ಬಳು ಎಲ್‌ಕೆಜಿ, ಸೀಟು ಬಿಡ್ರೋ," ಎಂದು ಮಕ್ಕಳನ್ನು ನಗಿಸುತ್ತಿದ್ದ. ಮೊದಲ ನಿಲುಗಡೆ ಬೇಕರಿ ಎದುರಿನ ಹಸಿರು ಗೇಟು. ಅಲ್ಲಿ ತಾಯಿ ಮಗುವಿನ ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಸದ್ಯ, ಇಲ್ಲಿಗೆ ಬಂದುಹೋಗಿದ್ದಾನೆ. ಎರಡನೆಯದು ಮರದ ಮಿಲ್ಲಿನ ಪಕ್ಕದ ಮನೆ. ಅಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿತ್ತು.

"ವ್ಯಾನು ಬಂತಾ ಅಜ್ಜಿ?"

"ಬಂತಮ್ಮ, ನಿಲ್ಲಿಸ್ದೇ ಹೋಯ್ತು. ಕೈ ಅಡ್ಡ ಹಾಕ್ದೆ, ನನ್ನ ಮುಖಾನೇ ನೋಡ್ತಾ ಹೋದ. ಕುಡಿದಿದಾನಾ ಏನು ಕತೆ?"

ಯಾವ ಕಡೆ ಎಂದು ಕೇಳಿದರೆ ಅಜ್ಜಿ ದೊಡ್ಡ ರಸ್ತೆಯ ಕಡೆ ಕೈ ತೋರಿಸಿತು. ಲಾರಿಗಳು ಒಂದರ ಹಿಂದೊಂದು ಹಾರುವ ರಸ್ತೆ ಅದು. ಆ ಕಡೆ ಅಣ್ಣನ ವ್ಯಾನಿನ ಮಕ್ಕಳ ಒಂದು ಮನೆಯೂ ಇಲ್ಲ. ಸ್ಕೂಟರು ತಿರುಗಿತು. ಇಸ್ತ್ರಿಯವರು ಬಾಯಲ್ಲಿ ಏನೋ ಗೊಣಗುತ್ತಿದ್ದರು, ದೇವರನ್ನು ನೆನೆಯುತ್ತಿದ್ದಾರೋ ತನ್ನನ್ನು ಬೈಯುತ್ತಿದ್ದಾರೋ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಅವರ ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಓಣಿಯ ತುದಿಯಲ್ಲಿ ಹಳದಿ ವ್ಯಾನು ನಿಂತಿತ್ತು. ನಿಂತಿತ್ತು ಎನ್ನುವ ಹಾಗೂ ಇರಲಿಲ್ಲ. ಮುಂದಿನ ಚಕ್ರ ದೊಡ್ಡ ರಸ್ತೆಯ ಅಂಚಿನಲ್ಲಿತ್ತು, ಎಂಜಿನ್ನು ಗುರುಗುಡುತ್ತಿತ್ತು, ಗಾಡಿ ಒಂದಿಷ್ಟು ಮುಂದೆ ಸರಿದು ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಸರಿಯುತ್ತಿತ್ತು. ಒಳಗೆ ಮಕ್ಕಳು ಅಳುತ್ತಿದ್ದರು. ಲಾರಿಯೊಂದು ಹಾರನ್ನು ಬಾರಿಸುತ್ತಾ ವ್ಯಾನಿನ ಮೂಗು ಸವರಿಕೊಂಡು ಹೋಯಿತು.

"ನಿಲ್ಸೋ ಅಣ್ಣಾ!" ಎಂಬ ಕೂಗು ಗಂಟಲಿನವರೆಗೆ ಬಂದಿತ್ತು. ಇಸ್ತ್ರಿಯವರೂ, "ಕೂಗಿ ಸಿಸ್ಟರಮ್ಮ, ಕೂಗಿ," ಎಂದರು. ಅವಳು ಕೂಗಲಿಲ್ಲ. ಕಿಟಕಿಯಲ್ಲಿ ಅಣ್ಣನ ಮುಖ ಕಂಡಿತ್ತು. ಬೆವರಿನಲ್ಲಿ ಮಿಂದ ಮುಖ, ಎತ್ತಲೋ ನೆಟ್ಟ ಕಣ್ಣು. ಸಕ್ಕರೆ ಆ ಮಟ್ಟಕ್ಕೆ ಇಳಿದರೆ ಮನುಷ್ಯನಿಗೆ ಬುದ್ಧಿ ಮಸುಕಾಗುತ್ತದೆ, ಹಟ ಮಾತ್ರ ಉಳಿಯುತ್ತದೆ. ಗದರಿಸಿದರೆ ರೇಗುತ್ತಾರೆ, ಬೆಚ್ಚುತ್ತಾರೆ. ಅವನು ಬೆಚ್ಚಿ ಬ್ರೇಕಿನಿಂದ ಕಾಲೆತ್ತಿದರೆ ವ್ಯಾನು ಮಕ್ಕಳ ಸಮೇತ ಲಾರಿಯಡಿಗೆ.

ಜೀವಮಾನವಿಡೀ ಬಾಯಿಯನ್ನೇ ನಂಬಿಕೊಂಡು ಬಂದವಳಿಗೆ ಆ ಗಳಿಗೆಯಲ್ಲಿ ಅದೇ ಶತ್ರು.

ಪಕ್ಕದ ಬಾಗಿಲು ಮೆಲ್ಲನೆ ತೆರೆದು ಮುಂದಿನ ಸೀಟಿಗೆ ಹತ್ತಿದಳು. ಹಿಂದಿನಿಂದ ಒಂದು ಹುಡುಗಿ ಬಿಕ್ಕುತ್ತಾ, "ಆಂಟೀ, ವ್ಯಾನ್ ಮಾಮ ನಮ್ಮನೆ ದಾಟ್ಕೊಂಡು ಬಂದ್ರು," ಎಂದಿತು. ಅವಳು ಬೆನ್ನ ಹಿಂದೆ ಕೈ ಚಾಚಿ ಮಗುವಿನ ಕೈ ಒತ್ತಿದಳು. ಅಣ್ಣ ತಿರುಗಿ ನೋಡಿದ. ಗುರುತು ಹತ್ತಿತೋ ಇಲ್ಲವೋ.

"ಪುಟ್ಟೀ, ಕೂತ್ಕೋ. ಕಾಲೇಜಿಗೆ ಹೊತ್ತಾಯ್ತು," ಎಂದ. ನಾಲಿಗೆ ತೊದಲುತ್ತಿತ್ತು.

"ಹೂಂ ಅಣ್ಣ, ಕೂತೆ."

"ರಸ್ತೆ ಎಲ್ಲಿ ಹೋಯ್ತು? ಯಾರೋ ರಸ್ತೆ ತಿರುಗಿಸಿಟ್ಟಿದಾರೆ ಕಣೇ, ಬದ್ಮಾಶ್‌ಗಳು!" ಗಾಡಿ ಮತ್ತೆ ಸರಿಯಿತು. ಗಾಜಿನ ತುಂಬ ಒಂದು ಲಾರಿ ತುಂಬಿಕೊಂಡು ದಾಟಿತು. ಅವಳು ಕಣ್ಣು ಮುಚ್ಚಿ ತೆರೆದಳು.

"ಅಣ್ಣಾ," ಎಂದಳು. ಚಿಕ್ಕಂದಿನಲ್ಲಿ ಕತ್ತಲಲ್ಲಿ ಅವನ ಅಂಗಿ ಹಿಡಿದು ಮಾತಾಡುತ್ತಿದ್ದ ದನಿ ಎಲ್ಲಿಂದಲೋ ತಾನಾಗಿಯೇ ಬಂತು. "ಅಣ್ಣಾ, ನಂಗೆ ಭಯ ಆಗ್ತಿದೆ."

ಅವನು ಅವಳ ಕಡೆ ತಿರುಗಿದ. "ಭಯ ಯಾಕೆ? ನಾನಿಲ್ವಾ?"

"ಇದೀಯ. ಈ ಸದ್ದಿಗೆ ಭಯ. ಎಂಜಿನ್ ಆಫ್ ಮಾಡು. ಒಂದೇ ಒಂದು ನಿಮಿಷ."

ಅವನ ಕೈ ಕೀಲಿಯ ಕಡೆ ಬಂದು ದಾರಿ ಮರೆತಂತೆ ಗಾಳಿಯಲ್ಲಿ ನಿಂತಿತು. ಕಸಿದುಕೊಳ್ಳಬೇಕು ಅನ್ನಿಸಿತು, ಕಸಿದರೆ ಜಗ್ಗಾಟ. ಆ ತಣ್ಣನೆ ಒದ್ದೆ ಕೈಯ ಮೇಲೆ ತನ್ನ ಕೈಯಿಟ್ಟು, ಇಬ್ಬರೂ ಸೇರಿಯೇ ಕೀಲಿ ತಿರುಗಿಸಿದಂತೆ ತಿರುಗಿಸಿದಳು. ಎಂಜಿನ್ನು ನಿಂತಿತು. ಇನ್ನೊಂದು ಕೈಯಲ್ಲಿ ಹ್ಯಾಂಡ್‌ಬ್ರೇಕು ಎಳೆದಳು. ಕೀಲಿ ಕಿತ್ತು ಕಿಟಕಿಯಿಂದ ಇಸ್ತ್ರಿಯವರತ್ತ ಎಸೆದಳು.

ಅಣ್ಣನ ಬೆರಳು ಚುಚ್ಚಿದಳು. ಮೂವತ್ತಾರು. ಗಟ್ಟಿಯಾಗಿ ಓದಲಿಲ್ಲ, ನುಂಗಿಕೊಂಡಳು. ಹುಡುಗಿಯ ನೀರಿನ ಬಾಟಲಿಗೆ ಗ್ಲೂಕೋಸು ಸುರಿದು ಕಲಕಿ, "ಕುಡಿ ಅಣ್ಣ, ನುಂಗಕ್ಕೆ ಆಗುತ್ತಲ್ಲ? ಸ್ವಲ್ಪ ಸ್ವಲ್ಪ," ಎಂದು ಗಲ್ಲ ಹಿಡಿದು ಕುಡಿಸಿದಳು. ಮೊದಲು ಉಗಿದ, ಆಮೇಲೆ ಕುಡಿದ. ಇಸ್ತ್ರಿಯವರು ಮಕ್ಕಳನ್ನು ಒಂದೊಂದಾಗಿ ಇಳಿಸಿ ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿ, "ಯಾರೂ ಕದಲಬಾರ್ದು, ಕದಲಿದ್ರೆ ಇಸ್ತ್ರಿ ಮಾಡ್ಬಿಡ್ತೀನಿ," ಎಂದು ನಗಿಸಲು ನೋಡುತ್ತಿದ್ದರು. ಅವರ ಮೀಸೆಯೇ ನಡುಗುತ್ತಿತ್ತು. ಶಾಲೆಯವರು ಇನ್ನೊಂದು ಗಾಡಿ ಕಳಿಸಿದರು, ಮಕ್ಕಳು ಹೋದರು. ಆ ಹೊತ್ತಿಗೆ ಆಂಬುಲೆನ್ಸೂ ಬಂದಿತ್ತು, ಅಣ್ಣನ ಕಣ್ಣಿಗೆ ಬೆಳಕೂ ಬಂದಿತ್ತು.

"ಏನಾಯ್ತೇ? ನಾನ್ಯಾಕೆ ಇಲ್ಲಿದೀನಿ? ಸರಿಹೋದೆ ಬಿಡು, ಕೀ ಎಲ್ಲಿ?"

"ಕೀ ಸಿಗಲ್ಲ. ಆಂಬುಲೆನ್ಸ್ ಹತ್ತು."

"ನಾನು ಸರಿಯಾಗಿದೀನಿ ಕಣೇ..."

"ಹತ್ತು ಅಣ್ಣ."

ಅವನಿಗೆ ಸರಿಹೋದಂತೆ ಕಂಡರೂ ಸರಿಹೋಗಿರಲಿಲ್ಲ. ಕುಡಿಸಿದ ಗ್ಲೂಕೋಸು ತೀರುತ್ತದೆ, ಹೊಟ್ಟೆಯಲ್ಲಿರುವ ಮಾತ್ರೆ ತೀರುವುದಿಲ್ಲ, ಮತ್ತೆ ಎಳೆಯುತ್ತದೆ. ಆಂಬುಲೆನ್ಸು ಹೊರಟು ದಾರಿ ಅರ್ಧ ಸವೆಯುವಷ್ಟರಲ್ಲೇ ಮಿಷನ್ನಿನ ಅಂಕಿ ಮತ್ತೆ ಕೆಳಮುಖವಾಯಿತು. ಡ್ರಿಪ್ಪು ಹಾಕಿದಳು. ಡಾಕ್ಟರು ಫೋನಿನಲ್ಲಿದ್ದರು. "ಎಷ್ಟು ಮಾತ್ರೆ ತಗೊಂಡಿದಾರೆ? ಸರಿಯಾಗಿ ಕೇಳಿ. ಎಷ್ಟು ಹೊತ್ತು ಕಾಯಬೇಕು, ಏನೇನು ಕೊಡಬೇಕು ಎಲ್ಲ ಅದರ ಮೇಲೇ."

"ಅಣ್ಣ, ಬೆಳಿಗ್ಗೆ ಎಷ್ಟು ಮಾತ್ರೆ ತಗೊಂಡೆ?"

"ಒಂದೇ. ಯಾವತ್ತಿನ ಹಾಗೆ."

"ಇಸ್ತ್ರಿಯವರು ಎರಡು ಅಂದ್ರಲ್ಲ."

"ಹಾಂ... ಎರಡು. ಮರ್ತುಬಿಟ್ಟಿದ್ದೆ." ಹೇಳುತ್ತಿದ್ದಾಗ ಅವನ ಕಣ್ಣು ಅವಳ ಹುಬ್ಬಿನ ಮೇಲೇ ಇತ್ತು. ಹುಬ್ಬು ಗಂಟಾದರೆ ಉತ್ತರ ಬದಲಾಗುತ್ತದೆ, ಸಡಿಲವಾದರೆ ಅಲ್ಲಿಗೇ ನಿಲ್ಲುತ್ತದೆ. ಅವನು ಉತ್ತರವನ್ನು ನೆನಪಿನಲ್ಲಿ ಹುಡುಕುತ್ತಿರಲಿಲ್ಲ, ಅವಳ ಮುಖದಲ್ಲಿ ಹುಡುಕುತ್ತಿದ್ದ. ಇಷ್ಟು ವರ್ಷ ಆ ಬೆಂಚಿನವರೆಲ್ಲ ಮಾಡಿದ್ದೂ ಇದನ್ನೇ. ಅವಳಿಗೆ ಯಾರೋ ಮುಖಕ್ಕೆ ಹೊಡೆದ ಹಾಗಾಯಿತು.

ಅವಳು ಎದ್ದು, ಮೇಲಿನ ಕಂಬಿ ಹಿಡಿದು, ಅವನಿಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿ ನಿಂತಳು.

"ನನ್ನ ಮುಖ ನೋಡ್ಬೇಡ. ನಾನೂ ನಿನ್ನ ಮುಖ ನೋಡಲ್ಲ. ಎಷ್ಟಿದ್ರೂ ಸರಿ, ಇದ್ದದ್ದು ಹೇಳು. ನೀನು ಬದುಕಬೇಕಣ್ಣ, ಅಷ್ಟೇ ನಂಗೆ ಬೇಕಾದ್ದು."

ಗಾಡಿ ಒಂದು ತಿರುವು ತೆಗೆದುಕೊಂಡಿತು.

"ನಾಲ್ಕು," ಎಂದಿತು ಬೆನ್ನ ಹಿಂದಿನ ದನಿ.

ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದಳು.

"ಹೋದ ತಿಂಗಳೂ ನಾಲ್ಕೇ ಪುಟ್ಟಿ. ನಾಲ್ಕು ತಗೊಂಡೂ ಚಪ್ಪಾಳೆ ಬರ್ಲಿಲ್ಲ. ಅದಕ್ಕೇ ಈ ಸಲ ಊಟಾನೂ ಬಿಟ್ಟೆ."

"ನಾಲ್ಕು ಸರ್," ಎಂದಳು ಫೋನಿಗೆ. ದನಿ ಗಟ್ಟಿಯಾಗಿಯೇ ಇತ್ತು. "ನಿನ್ನೆ ಮಧ್ಯಾಹ್ನದಿಂದ ಊಟ ಇಲ್ಲ. ಇನ್ನೊಂದು ವಿಷಯ ಸರ್. ಇವನು ವ್ಯಾನು ಓಡಿಸಬಹುದು ಅಂತ ಹೋದ ತಿಂಗಳು ಶಾಲೆಗೆ ಹೇಳಿದ್ದು ನಾನು. ಅದು ತಪ್ಪು. ಇವತ್ತೇ ಹೇಳ್ತೀನಿ ಅವರಿಗೆ. ಇನ್ನು ಮೇಲೆ ಇವನನ್ನ ನೀವು ನೋಡಿ. ನನ್ನ ಹತ್ರ ಇವನು ನಿಜ ಹೇಳಲ್ಲ."

ಫೋನು ಇಟ್ಟಳು. ಹಿಂದಿನಿಂದ ಅಣ್ಣ ಕೇಳಿದ, "ಹಾಗಾದ್ರೆ ವ್ಯಾನು?"

"ಸದ್ಯಕ್ಕೆ ಇಲ್ಲ ಅಣ್ಣ."

"ಮತ್ತೆ ನಾನೇನು ಮಾಡ್ಲಿ?"

"ಗೊತ್ತಿಲ್ಲ."

ಅವನು ಅತ್ತ. ಸದ್ದು ಮಾಡದೆ, ಮೂಗು ಎಳೆಯುತ್ತಾ ಅತ್ತ. ಅವಳು ತಿರುಗಲಿಲ್ಲ, ತಿರುಗಿದರೆ ತನ್ನ ಕಣ್ಣೀರು ಕಾಣುತ್ತದೆ ಎಂದು ನಿಂತೇ ಇದ್ದಳು. ಒಂದಷ್ಟು ದೂರ ಹೋದ ಮೇಲೆ ಡ್ರಿಪ್ಪು ಇಲ್ಲದ ಕೈ ಚಾಚಿ ಅವಳ ಸೆರಗನ್ನು ಎಳೆದ.

"ಬೈಯಲ್ವೇನೇ?"

"ಇಲ್ಲ."

"ಬೈದ್ಬಿಡೇ ಪುಟ್ಟಿ," ಎಂದ ಅಣ್ಣ. "ನೀನು ಹೀಗೆ ಸುಮ್ನಿದ್ರೆ ನಾನು ಉಳಿಯಲ್ವೇನೋ ಅನ್ಸುತ್ತೆ."